ಕಲ್ಲಿದ್ದಲಿನ ಬೂಟು ಮತ್ತು ನಾವು ಬರೆದ ಒಂದು ಸಾಲು

ಹಾಸನದ ಓದುಗರೊಬ್ಬರ ಕಾಗದ: “ಹೋದ ಸಂಚಿಕೆಯಲ್ಲಿ 1925ರ ಎನ್‌ಎಫ್‌ಎಲ್ (ಚೆಂಡು ಕೈಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ವೃತ್ತಿ ಲೀಗ್) ಚಾಂಪಿಯನ್ ಚಿಕಾಗೋ ಕಾರ್ಡಿನಲ್ಸ್ ಎಂದು ಬರೆದಿದ್ದೀರಿ. ಮಗಳ ಮನೆಗೆಂದು ಒಹಾಯೋಗೆ ಹೋದಾಗ ಕ್ಯಾಂಟನ್ನಿನ ಫುಟ್‌ಬಾಲ್ ಮ್ಯೂಸಿಯಂನಲ್ಲಿ ಕಲ್ಲಿದ್ದಲಿನಲ್ಲಿ ಕೆತ್ತಿದ ಬೂಟೊಂದನ್ನು ನೋಡಿದೆ. ಅದರ ಮೇಲೆ ಚಾಂಪಿಯನ್ ಪಾಟ್ಸ್‌ವಿಲ್ ಮರೂನ್ಸ್ ಎಂದಿದೆ. ಕಾರ್ಡಿನಲ್ಸ್ ಅವರ ಕೈಲಿ ಸೋತಿತ್ತಂತೆ. ಸೋತವರು ಹೇಗೆ ಚಾಂಪಿಯನ್ ಆಗುತ್ತಾರೆ? ತಪ್ಪಾಗಿದ್ದರೆ ತಿದ್ದಿ ಹಾಕಿ.”

ನಮಸ್ಕಾರ. ನಿಮ್ಮ ಕಾಗದ ಓದಿ ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಲೀಗಿನ ದಾಖಲೆಯಲ್ಲಿ ಇವತ್ತಿಗೂ ಕಾರ್ಡಿನಲ್ಸ್ ಹೆಸರೇ ಇದೆ, ಹಾಗಾಗಿ ನಾವು ಬರೆದದ್ದು ಸುಳ್ಳಲ್ಲ. ಆದರೆ ಆ ವರ್ಷದ ವಿಷಯವನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಬಾರದಿತ್ತು. ಪ್ರೂಫ್ ನೋಡಿ ಆ ಸಾಲನ್ನು ಬಿಟ್ಟವನು ನಾನೇ.

ಪಾಟ್ಸ್‌ವಿಲ್ ಪೆನ್ಸಿಲ್ವೇನಿಯಾದ ಒಂದು ಗಣಿ ಊರು. ಆಗ ಅಲ್ಲಿದ್ದದ್ದು ಇಪ್ಪತ್ತು ಸಾವಿರ ಚಿಲ್ಲರೆ ಜನ. ತಂಡದ ಯಜಮಾನ ಸ್ಟ್ರೀಗಲ್ ಎಂಬ ಡಾಕ್ಟರು. ಆಡುತ್ತಿದ್ದದ್ದು ಹೈಸ್ಕೂಲಿನ ಮೈದಾನದಲ್ಲಿ. ಲೀಗಿಗೆ ಸೇರಿದ್ದೇ 1925ರಲ್ಲಿ, ಅದು ಅವರ ಮೊದಲ ಸೀಸನ್. ಟೋನಿ ಲಟೋನ್ ಎಂಬ ಆಟಗಾರ ಇದ್ದ. ಅಪ್ಪ ಸತ್ತ ಮೇಲೆ ಹನ್ನೊಂದನೇ ವಯಸ್ಸಿಗೇ ಶಾಲೆ ಬಿಟ್ಟು ಗಣಿ ಕೆಲಸಕ್ಕೆ ಸೇರಿದವನು. ಕಲ್ಲಿದ್ದಲಿನ ಗಾಡಿ ತಳ್ಳಿ ತಳ್ಳಿಯೇ ಅವನ ಕಾಲು ಹಾಗೆ ಗಟ್ಟಿಯಾದವು ಎಂದು ಊರವರು ಹೇಳುತ್ತಿದ್ದರಂತೆ. ಚೆಂಡು ಹಿಡಿದು ಅವನು ತಲೆ ತಗ್ಗಿಸಿ ನುಗ್ಗಿದರೆ ಒಬ್ಬರಿಬ್ಬರಿಂದ ತಡೆಯೋಕೆ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ ತಿಳಿದಿರಬೇಕು, ಮುಂದಿನ ಗಲಾಟೆಗೆಲ್ಲ ಅದೇ ಬೇರು. ಭಾನುವಾರ ಆಟ ಆಡಬಾರದು ಎಂಬ ಕಾನೂನು ಆ ರಾಜ್ಯದಲ್ಲಿತ್ತು. ಫಿಲಡೆಲ್ಫಿಯಾದಲ್ಲಿ ಅದು ಬಿಗಿ, ಹಾಗಾಗಿ ಅಲ್ಲಿನ ಫ್ರಾಂಕ್‌ಫರ್ಡ್ ಯೆಲ್ಲೋ ಜಾಕೆಟ್ಸ್ ತಂಡ ಶನಿವಾರ ಆಡುತ್ತಿತ್ತು. ಪಾಟ್ಸ್‌ವಿಲ್‌ನಲ್ಲಿ ಗಣಿ ಕೆಲಸದವರಿಗೆ ಬಿಡುವಿರುವುದೇ ಭಾನುವಾರ, ಅಲ್ಲಿ ಯಾರೂ ತಡೆಯುತ್ತಿರಲಿಲ್ಲ. ದೂರದಿಂದ ಬಂದ ತಂಡ ಶನಿವಾರ ಫ್ರಾಂಕ್‌ಫರ್ಡ್ ಜೊತೆ ಆಡಿ, ರೈಲು ಹತ್ತಿ ಬಂದು ಭಾನುವಾರ ಪಾಟ್ಸ್‌ವಿಲ್ ಜೊತೆ ಆಡಬಹುದಿತ್ತು, ಒಂದೇ ಪ್ರಯಾಣಕ್ಕೆ ಎರಡು ಮ್ಯಾಚಿನ ದುಡ್ಡು. ಹೀಗೆ ಪಕ್ಕಪಕ್ಕದ ಎರಡು ತಂಡಗಳಿಗೆ ಒಬ್ಬರಿಂದ ಒಬ್ಬರಿಗೆ ಲಾಭವಿತ್ತು, ಪೈಪೋಟಿಯೂ ಇತ್ತು. ನವೆಂಬರ್ 14ರಂದು ಫ್ರಾಂಕ್‌ಫರ್ಡ್ 20–0ರಿಂದ ಗೆದ್ದಿತು. ಎರಡು ವಾರ ಕಳೆದು, 29ರಂದು, ಪಾಟ್ಸ್‌ವಿಲ್ 49–0ರಿಂದ ತಿರುಗಿಸಿ ಕೊಟ್ಟಿತು!

ಈಗ ನಿಮ್ಮ ಪ್ರಶ್ನೆ. ಆ ಕಾಲದಲ್ಲಿ ಫೈನಲ್ ಅಂತ ಇರಲಿಲ್ಲ. ಡ್ರಾ ಆದದ್ದು ಬಿಟ್ಟು, ಗೆಲುವಿನ ಶೇಕಡಾವಾರು ಯಾರದ್ದು ಜಾಸ್ತಿಯೋ ಅವರೇ ಚಾಂಪಿಯನ್. ಮ್ಯಾಚುಗಳನ್ನೂ ತಂಡಗಳೇ ಗೊತ್ತು ಮಾಡಿಕೊಳ್ಳುತ್ತಿದ್ದವು. ಡಿಸೆಂಬರ್ 6ರಂದು ಚಿಕಾಗೋದ ಕೊಮಿಸ್ಕಿ ಪಾರ್ಕಿನಲ್ಲಿ, ಕೊರೆಯುವ ಚಳಿಯಲ್ಲಿ, ಮರೂನ್ಸ್ 21–7ರಿಂದ ಕಾರ್ಡಿನಲ್ಸ್‌ನ ಸೋಲಿಸಿತು. ಆ ರಾತ್ರಿ ಲೆಕ್ಕ ಹಾಕಿದರೆ ಪಾಟ್ಸ್‌ವಿಲ್ 12ರಲ್ಲಿ 10 ಗೆದ್ದಿತ್ತು, ಶೇ. 83.3. ಕಾರ್ಡಿನಲ್ಸ್ 11ರಲ್ಲಿ 9, ಶೇ. 81.8. ಚಾಂಪಿಯನ್ ಯಾರೆಂದು ಎಲ್ಲರಿಗೂ ಗೊತ್ತಾಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಸೀಸನ್ ಡಿಸೆಂಬರ್ 20ರವರೆಗೆ ಎಂಬ ನಿಯಮ ಇತ್ತು. ಕಾರ್ಡಿನಲ್ಸ್ ಯಜಮಾನ ಕ್ರಿಸ್ ಓಬ್ರಯನ್ ಅವಸರದಲ್ಲಿ ಇನ್ನೆರಡು ಮ್ಯಾಚ್ ಹಾಕಿಸಿದರು. 10ರಂದು ಮಿಲ್ವಾಕಿ ವಿರುದ್ಧ 59–0, 12ರಂದು ಹ್ಯಾಮಂಡ್ ವಿರುದ್ಧ 13–0. ಲೆಕ್ಕ 13ರಲ್ಲಿ 11ಕ್ಕೆ ಬಂತು, ಶೇ. 84.6. ಆಮೇಲೆ ಗೊತ್ತಾದ ಸಂಗತಿ ಏನೆಂದರೆ, ಆ ಮಿಲ್ವಾಕಿ ತಂಡದಲ್ಲಿ ಚಿಕಾಗೋದ ಎಂಗಲ್‌ವುಡ್ ಹೈಸ್ಕೂಲಿನ ನಾಲ್ವರು ಹುಡುಗರು ಆಡಿದ್ದರು. ಆ ಹುಡುಗರನ್ನು ಕರೆತಂದವನು ಕಾರ್ಡಿನಲ್ಸ್‌ನ ಆಟಗಾರ ಆರ್ಟ್ ಫೋಲ್ಜ್. ಶಾಲೆಯ ಮಕ್ಕಳನ್ನು ಸಂಬಳ ತಗೊಂಡು ಆಡುವ ಗಂಡಸರ ಎದುರು ನಿಲ್ಲಿಸೋದು! ಎಷ್ಟು ಸಲ ಓದಿದರೂ ನನಗೆ ಇದು ಸಹಿಸಲಾಗುವುದಿಲ್ಲ. ಲೀಗಿನ ಅಧ್ಯಕ್ಷ ಜೋ ಕಾರ್ ಫೋಲ್ಜ್‌ನನ್ನು ಹೊರಹಾಕಿದರು, ಕಾರ್ಡಿನಲ್ಸ್‌ಗೆ 1,000 ಡಾಲರ್ ದಂಡ ಹಾಕಿದರು, ಮಿಲ್ವಾಕಿ ಯಜಮಾನನಿಗೆ ತಂಡ ಮಾರಿಬಿಡಲು ಹೇಳಿದರು. ಆ ಮ್ಯಾಚನ್ನು ದಾಖಲೆಯಿಂದ ತೆಗೆಯುತ್ತೇವೆ ಎಂದೂ ಹೇಳಿದರು. ತೆಗೆಯಲಿಲ್ಲ. ತೆಗೆದಿದ್ದರೆ ಕಾರ್ಡಿನಲ್ಸ್ ಕೂಡ 12ರಲ್ಲಿ 10, ಎರಡೂ ತಂಡ ಸರಿಸಮ.

ಪಾಟ್ಸ್‌ವಿಲ್ ಕಡೆಯೂ ತಪ್ಪಿಲ್ಲ ಎನ್ನಲಾರೆ. ಅದೇ 12ರಂದು ಅವರು ಫಿಲಡೆಲ್ಫಿಯಾದ ಶೈಬ್ ಪಾರ್ಕಿನಲ್ಲಿ ನೋಟ್ರ ಡೇಮ್ ಕಾಲೇಜಿನ ಹಳೆಯ ತಾರೆಯರ ಜೊತೆ ಪ್ರದರ್ಶನ ಪಂದ್ಯ ಆಡಿದರು. ಚಾರ್ಲಿ ಬೆರಿ ಕೊನೇ ಗಳಿಗೆಯಲ್ಲಿ ಒದ್ದ ಗೋಲಿನಿಂದ 9–7ರಲ್ಲಿ ಗೆದ್ದರು. ಕಾಲೇಜು ತಾರೆಯರ ಮುಂದೆ ವೃತ್ತಿ ಆಟಗಾರರು ಏನೂ ಅಲ್ಲ ಎಂದು ಜನ ನಂಬಿದ್ದ ಕಾಲ ಅದು, ಹಾಗಾಗಿ ಇದು ಸಣ್ಣ ಗೆಲುವಲ್ಲ. ಆದರೆ ಫಿಲಡೆಲ್ಫಿಯಾ ಫ್ರಾಂಕ್‌ಫರ್ಡ್ ತಂಡಕ್ಕೆ ಮೀಸಲಾದ ಗಡಿಯೊಳಗಿನ ಊರು. ಅದೇ ದಿನ ಅವರದ್ದೂ ಮ್ಯಾಚಿತ್ತು, ಅವರು ದೂರು ಕೊಟ್ಟಿದ್ದರು. ಆಡಬೇಡಿ ಎಂದು ಕಾರ್ ಮೊದಲೇ ಎಚ್ಚರಿಸಿದ್ದರು. ಲೀಗ್ ಕಚೇರಿಯಿಂದ ಫೋನಿನಲ್ಲಿ ಒಪ್ಪಿಗೆ ಸಿಕ್ಕಿತ್ತು ಎಂಬುದು ಸ್ಟ್ರೀಗಲ್ ಮಾತು. ಕಾರ್ ಒಪ್ಪಲಿಲ್ಲ. 500 ಡಾಲರ್ ದಂಡ, ತಂಡ ಅಮಾನತು. ಪ್ರಾವಿಡೆನ್ಸ್ ಜೊತೆ ಇದ್ದ ಮ್ಯಾಚೂ ಹೋಯಿತು.

ಇಷ್ಟಾದ ಮೇಲೂ ಓಬ್ರಯನ್ ಆ ಪಟ್ಟ ತೆಗೆದುಕೊಳ್ಳಲಿಲ್ಲ. ನಮ್ಮನ್ನು ಸೋಲಿಸಿದವರ ಪಟ್ಟ ನಮಗೆ ಬೇಡ ಎಂಬ ನಿಲುವು. ಅವರ ಮೇಲಿದ್ದ ನನ್ನ ಸಿಟ್ಟು ಇಲ್ಲಿ ಅರ್ಧ ಇಳಿಯುತ್ತದೆ. ಪಟ್ಟಕ್ಕೆ ಪಟ್ಟು ಹಿಡಿದದ್ದು 1933ರಲ್ಲಿ ತಂಡ ಕೊಂಡ ಬಿಡ್‌ವಿಲ್ ಮನೆತನದವರು. 1963ರಲ್ಲಿ ಲೀಗು ಮತ್ತೆ ವಿಚಾರಿಸಿತು, 12–2 ಮತಗಳಲ್ಲಿ ಕಾರ್ಡಿನಲ್ಸ್ ಪರವಾಯಿತು. 2003ರಲ್ಲಿ ವಿಷಯ ತೆರೆಯುವುದೇ ಬೇಡ ಎಂದು ತಂಡಗಳ ಯಜಮಾನರು 30–2 ಮತಗಳಲ್ಲಿ ಮುಚ್ಚಿಬಿಟ್ಟರು. ಬೇರೆ ಮತ ಹಾಕಿದ ಆ ಇಬ್ಬರು ಪೆನ್ಸಿಲ್ವೇನಿಯಾದ ತಂಡಗಳವರೇ, ಪಿಟ್ಸ್‌ಬರ್ಗ್ ಮತ್ತು ಫಿಲಡೆಲ್ಫಿಯಾ. ಗಡಿ ದಾಟಿದ್ದಕ್ಕೆ ದಂಡ ಸರಿ ಎನ್ನುತ್ತೇನೆ ನಾನು. ಆದರೆ ಮೈದಾನದಲ್ಲಿ ಗೆದ್ದದ್ದನ್ನು ಹೈಸ್ಕೂಲ್ ಹುಡುಗರ ಮೇಲಿನ 59–0 ಅಳಿಸಬಾರದಿತ್ತು.

ಮುಂದಿನ ಸಂಚಿಕೆಯಲ್ಲಿ ಹೀಗೆ ಹಾಕುತ್ತೇವೆ: “1925ರ ಪಟ್ಟ ದಾಖಲೆಯಲ್ಲಿ ಚಿಕಾಗೋ ಕಾರ್ಡಿನಲ್ಸ್ ಹೆಸರಲ್ಲಿದೆ. ಡಿಸೆಂಬರ್ 6ರಂದು ಅವರನ್ನು ಸೋಲಿಸಿದ ಪಾಟ್ಸ್‌ವಿಲ್ ಮರೂನ್ಸ್ ಅದನ್ನು ಒಪ್ಪಿಲ್ಲ.” ಆ ಬೂಟಿನ ಫೋಟೋ ತೆಗೆದಿದ್ದರೆ ಕಳಿಸಿಕೊಡಿ, ಅದರ ಪಕ್ಕದಲ್ಲೇ ಅಚ್ಚು ಮಾಡೋಣ.

— ಸಂಪಾದಕ