ಜೊಟೆರೊ ಲೈಬ್ರರಿಯನ್ನು ಪಿಡಿಎಫ್ ಸಮೇತ ಹೊಸ ಲ್ಯಾಪ್‌ಟಾಪಿಗೆ ಸಾಗಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಹಳೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸುಮಾರು 1,800 ಎಂಟ್ರಿಗಳಿರುವ ಜೊಟೆರೊ (ಪುಸ್ತಕ, ಲೇಖನಗಳ ವಿವರ, ಪಿಡಿಎಫ್, ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶ) ಲೈಬ್ರರಿ ಇದೆ. ಅದನ್ನು ಎಕ್ಸ್‌ಪೋರ್ಟ್ ಮಾಡಿ ಹೊಸ ಲ್ಯಾಪ್‌ಟಾಪಿನಲ್ಲಿ ಇಂಪೋರ್ಟ್ ಮಾಡಿದಿರಿ. ಪುಸ್ತಕ, ಲೇಖನಗಳ ವಿವರವೆಲ್ಲ ಬಂದವು. ಆದರೆ ಅರ್ಧಕ್ಕರ್ಧ ಪಿಡಿಎಫ್ ತೆರೆಯಲು ಹೋದರೆ ಫೈಲ್ ಸಿಗುತ್ತಿಲ್ಲ ಅಂತ ಬರುತ್ತಿದೆ. ವರ್ಡ್‌ನಲ್ಲಿರುವ ಥೀಸಿಸ್‌ನ ಉಲ್ಲೇಖಗಳಿಗೂ ಹೊಸ ಲೈಬ್ರರಿಗೂ ಸಂಬಂಧವೇ ಇಲ್ಲದ ಹಾಗಾಗಿದೆ. ಮುಂದಿನ ವಾರ ಹಳೆಯದನ್ನು ಫಾರ್ಮ್ಯಾಟ್ ಮಾಡಿ ತಮ್ಮನಿಗೆ ಕೊಡಬೇಕು ಅಂತಿದ್ದೀರಿ.

ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ತಮ್ಮ ಇನ್ನೊಂದು ತಿಂಗಳು ಕಾಯಲಿ. ನಿಮಗೆ ಬೇಕಾದದ್ದೆಲ್ಲ ಇನ್ನೂ ಆ ಹಳೆಯ ಯಂತ್ರದಲ್ಲೇ ಭದ್ರವಾಗಿದೆ, ಏನೂ ಕಳೆದಿಲ್ಲ. ಸಾಗಿಸಿದ ರೀತಿ ಮಾತ್ರ ಸರಿಯಾಗಲಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಕೆರೆಗಳ ಇತಿಹಾಸದ ಮೇಲೆ ಕೆಲಸ ಮಾಡುವವನು. ಹಳೆಯ ಶಾಸನ ಸಂಪುಟಗಳ ಸ್ಕ್ಯಾನ್ ಪ್ರತಿಗಳನ್ನು ಜೊಟೆರೊ ಒಳಗೇ ತೆರೆದು ಓದುತ್ತಿದ್ದೆ. ಬಿತ್ತುವಟ, ಕಟ್ಟುಕೊಡಗೆ (ಎರಡೂ ಕೆರೆಗೆ ಸಂಬಂಧಿಸಿದ ದತ್ತಿಗಳು) ಅನ್ನುವ ಮಾತು ಬಂದಲ್ಲೆಲ್ಲ ಹಳದಿ ಗುರುತು ಹಾಕಿ, ಪಕ್ಕದಲ್ಲಿ ಊರು, ಕೆರೆಯ ಹೆಸರು ಬರೆದಿಡುತ್ತಿದ್ದೆ. ಲ್ಯಾಪ್‌ಟಾಪ್ ರಿಪೇರಿಗೆ ಕೊಡುವ ಮುಂಚೆ ಪಿಡಿಎಫ್‌ಗಳನ್ನಷ್ಟೇ ಪೆನ್ ಡ್ರೈವಿಗೆ ಕಾಪಿ ಮಾಡಿಕೊಂಡೆ. ಎಂಟ್ರಿಗಳ ಪಟ್ಟಿಯನ್ನು ಬೇರೆ ಎಕ್ಸ್‌ಪೋರ್ಟ್ ಮಾಡಿಟ್ಟೆ. ಎರಡೂ ಇದ್ದ ಮೇಲೆ ಇನ್ನೇನು ಬೇಕು ಅಂದುಕೊಂಡೆ. ಲ್ಯಾಪ್‌ಟಾಪ್ ಡಿಸ್ಕ್ ಖಾಲಿಯಾಗಿ ವಾಪಸ್ ಬಂತು. ಪೆನ್ ಡ್ರೈವಿನ ಪಿಡಿಎಫ್ ತೆರೆದರೆ ಪುಟಗಳು ಇದ್ದವು, ಗುರುತು ಒಂದೂ ಇರಲಿಲ್ಲ. ಸುಮಾರು ಒಂದು ವರ್ಷದ ಓದು. ಮತ್ತೆ ಮೊದಲ ಪುಟದಿಂದ ಓದಿದೆ, ಬೇರೆ ದಾರಿ ಇರಲಿಲ್ಲ.

ಹೀಗೆ ಆಗಿದ್ದಕ್ಕೆ ಕಾರಣ ಸರಳ. 2022ರಲ್ಲಿ ಬಂದ ಜೊಟೆರೊ 6ರಿಂದ ಅದರೊಳಗೇ ಪಿಡಿಎಫ್ ಓದುವ ಸೌಲಭ್ಯ ಇದೆ. ಅಲ್ಲಿ ನೀವು ಹಾಕುವ ಗುರುತು, ಟಿಪ್ಪಣಿ ಪಿಡಿಎಫ್ ಫೈಲಿನೊಳಗೆ ಹೋಗುವುದಿಲ್ಲ, ಜೊಟೆರೊದ ಡೇಟಾಬೇಸಿನಲ್ಲಿ ಕೂರುತ್ತದೆ. ಪಿಡಿಎಫ್ ಒಂದನ್ನೇ ಎತ್ತಿಕೊಂಡು ಹೋದರೆ ಬರಿಯ ಪುಟ ಸಿಗುತ್ತದೆ, ನಿಮ್ಮ ಓದು ಹಳೆಯ ಯಂತ್ರದಲ್ಲೇ ಉಳಿಯುತ್ತದೆ.

ವರ್ಡ್ ಉಲ್ಲೇಖಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಪ್ರತಿ ಎಂಟ್ರಿಗೂ ಜೊಟೆರೊ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತದೆ. ನಿಮ್ಮ ಥೀಸಿಸ್‌ನಲ್ಲಿ ಉಲ್ಲೇಖ ಸೇರಿಸಿದಾಗ ಆ ಸಂಖ್ಯೆಯೂ ಕಡತದೊಳಗೆ ಸೇರಿಕೊಳ್ಳುತ್ತದೆ. ಎಕ್ಸ್‌ಪೋರ್ಟ್ ಮಾಡಿ ಇಂಪೋರ್ಟ್ ಮಾಡಿದಾಗ ಬರುವುದು ಹೊಸ ಎಂಟ್ರಿ, ಹೊಸ ಸಂಖ್ಯೆ. ಹೆಸರು ಅದೇ, ಆದರೆ ಥೀಸಿಸ್ ಹುಡುಕುತ್ತಿರುವುದು ಹಳೆಯ ಸಂಖ್ಯೆಯನ್ನು. ಆದ್ದರಿಂದ ಯಂತ್ರ ಬದಲಾಯಿಸುವಾಗ ಎಕ್ಸ್‌ಪೋರ್ಟ್ ದಾರಿ ಹಿಡಿಯಲೇಬಾರದು. ಸ್ನೇಹಿತರಿಗೆ ಒಂದಿಷ್ಟು ಎಂಟ್ರಿ ಕೊಡಬೇಕಾದಾಗ ಅದು ಸರಿ. ನಿಮ್ಮದೇ ಲೈಬ್ರರಿ ಸಾಗಿಸಲು ಇಡೀ ಫೋಲ್ಡರನ್ನೇ ಹೊತ್ತುಕೊಂಡು ಹೋಗಬೇಕು.

ಆ ಫೋಲ್ಡರ್ ಎಲ್ಲಿದೆ? ಜೊಟೆರೊದಲ್ಲಿ ಸೆಟ್ಟಿಂಗ್ಸ್ ತೆರೆದು, ಅಡ್ವಾನ್ಸ್ಡ್ ಅನ್ನುವ ಭಾಗಕ್ಕೆ ಹೋಗಿ. ಅಲ್ಲಿ ಶೋ ಡೇಟಾ ಡೈರೆಕ್ಟರಿ ಅನ್ನುವ ಬಟನ್ ಇದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ, ನಿಮ್ಮ ಹೆಸರಿನ ಕೆಳಗೆ, ಜೊಟೆರೊ ಅನ್ನುವ ಹೆಸರಲ್ಲೇ ಇರುತ್ತದೆ. ಒಮ್ಮೆ ಒಳಗೆ ಇಣುಕಿ ನೋಡಿ. ಜೊಟೆರೊ ಡಾಟ್ ಎಸ್‌ಕ್ಯೂಲೈಟ್ ಅನ್ನುವ ಒಂದು ಫೈಲ್ ಕಾಣುತ್ತದೆ. ನಿಮ್ಮ ಎಂಟ್ರಿ, ಕಲೆಕ್ಷನ್, ಟ್ಯಾಗ್, ಟಿಪ್ಪಣಿ, ಹಳದಿ ಗುರುತು ಎಲ್ಲ ಇರುವುದು ಈ ಒಂದೇ ಫೈಲಿನಲ್ಲಿ. ಪಕ್ಕದಲ್ಲಿ ಸ್ಟೋರೇಜ್ ಅನ್ನುವ ಫೋಲ್ಡರ್. ಅದನ್ನು ತೆರೆದರೆ ನೂರಾರು ಸಣ್ಣ ಫೋಲ್ಡರ್‌ಗಳು, ಒಂದೊಂದಕ್ಕೂ ಅಕ್ಷರ, ಅಂಕಿ ಬೆರೆತ ಎಂಟು ಚಿಹ್ನೆಗಳ ಹೆಸರು. ಓದಿದರೆ ಏನೂ ಅರ್ಥವಾಗದು. ಒಂದರೊಳಗೆ ಹೋದರೆ ಸಾಮಾನ್ಯವಾಗಿ ಒಂದು ಪಿಡಿಎಫ್ ಇರುತ್ತದೆ. ಹುಡುಕಾಟಕ್ಕೆಂದು ಅದರಿಂದ ತೆಗೆದಿಟ್ಟ ಪಠ್ಯದ ಪುಟ್ಟ ಫೈಲೂ ಇರಬಹುದು. ಈ ಎಂಟು ಚಿಹ್ನೆಗಳ ಹೆಸರುಗಳೇ ಡೇಟಾಬೇಸಿಗೂ ಪಿಡಿಎಫ್‌ಗೂ ನಡುವಿನ ಕೊಂಡಿ. ಚೆನ್ನಾಗಿ ಕಾಣಲಿ ಅಂತ ಯಾವುದರ ಹೆಸರನ್ನೂ ಬದಲಾಯಿಸಬೇಡಿ.

ಈಗ ನಿಮ್ಮ ಅಸಲಿ ತೊಂದರೆಗೆ ಬರೋಣ. ಅರ್ಧ ಪಿಡಿಎಫ್ ತೆರೆಯುತ್ತವೆ, ಅರ್ಧ ತೆರೆಯುವುದಿಲ್ಲ ಅಂದರೆ ನಿಮ್ಮ ಲೈಬ್ರರಿಯಲ್ಲಿ ಎರಡು ಬಗೆಯ ಫೈಲ್ ಇರಬೇಕು. ಒಂದು, ಜೊಟೆರೊ ತನ್ನ ಸ್ಟೋರೇಜ್ ಒಳಗೇ ಇಟ್ಟುಕೊಂಡದ್ದು. ಇನ್ನೊಂದು, ನೀವು ಬೇರೆಲ್ಲೋ ಇಟ್ಟು ಕೊಂಡಿ ಮಾತ್ರ ಕೊಟ್ಟದ್ದು, ಅಂದರೆ ಲಿಂಕ್ ಮಾಡಿದ ಫೈಲ್. ಪತ್ತೆ ಮಾಡುವುದು ಸುಲಭ. ಹಳೆಯ ಲ್ಯಾಪ್‌ಟಾಪಿನಲ್ಲಿ ಯಾವುದಾದರೂ ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿ ಶೋ ಫೈಲ್ ಒತ್ತಿ. ಎಂಟು ಚಿಹ್ನೆಗಳ ಫೋಲ್ಡರ್ ತೆರೆದುಕೊಂಡರೆ ಒಳಗಿನದು. ಡಿ ಡ್ರೈವಿನಲ್ಲಿ ನೀವೇ ಮಾಡಿಕೊಂಡ ಫೋಲ್ಡರ್ ತೆರೆದುಕೊಂಡರೆ ಲಿಂಕ್. ಲಿಂಕ್ ಆದ ಫೈಲಿಗೆ ಡ್ರೈವಿನಿಂದ ಹಿಡಿದು ಪೂರ್ತಿ ವಿಳಾಸ ದಾಖಲಾಗಿರುತ್ತದೆ. ಹೊಸ ಯಂತ್ರದಲ್ಲಿ ಡಿ ಡ್ರೈವೇ ಇಲ್ಲದಿದ್ದರೆ ಪಾಪ, ಅದು ಎಲ್ಲಿ ಅಂತ ಹುಡುಕೀತು?

ಇದಕ್ಕೆ ಎರಡು ದಾರಿ. ನಾನು ಹೇಳುವುದು ಮೊದಲನೆಯದನ್ನು: ಎಲ್ಲವನ್ನೂ ಒಳಗೆ ತಂದುಬಿಡಿ. ಟೂಲ್ಸ್ ಮೆನುವಿನಲ್ಲಿ ಮ್ಯಾನೇಜ್ ಅಟ್ಯಾಚ್‌ಮೆಂಟ್ಸ್ ಅಂತಿದೆ. ಅದರಲ್ಲಿ ಲಿಂಕ್ ಆದ ಫೈಲ್‌ಗಳನ್ನು ಸ್ಟೋರ್ ಆದ ಫೈಲ್‌ಗಳಾಗಿ ಬದಲಿಸುವ ಆಯ್ಕೆ ಸಿಗುತ್ತದೆ. ಮೂಲ ಫೈಲ್‌ಗಳನ್ನು ಅಳಿಸಬೇಕೇ ಅಂತ ಕೇಳಿದರೆ ಬೇಡ ಅನ್ನಿ. ಡಿಸ್ಕಿನಲ್ಲಿ ಜಾಗ ಜಾಸ್ತಿ ಹಿಡಿಯುತ್ತದೆ ನಿಜ, ಆದರೆ ಸಾಗಿಸಬೇಕಾದ್ದು ಒಂದೇ ಫೋಲ್ಡರ್ ಆಗುತ್ತದೆ.

ನಿಮ್ಮ ಫೋಲ್ಡರ್ ಜೋಡಣೆ ಬಿಡಲು ಮನಸ್ಸಿಲ್ಲದಿದ್ದರೆ ಎರಡನೆಯ ದಾರಿ. ಅಡ್ವಾನ್ಸ್ಡ್ ಭಾಗದಲ್ಲೇ ಲಿಂಕ್ಡ್ ಅಟ್ಯಾಚ್‌ಮೆಂಟ್ ಬೇಸ್ ಡೈರೆಕ್ಟರಿ ಅಂತಿದೆ. ಹಳೆಯ ಯಂತ್ರದಲ್ಲಿ, ಸಾಗಿಸುವ ಮುಂಚೆಯೇ, ಅಲ್ಲಿ ನಿಮ್ಮ ಪಿಡಿಎಫ್‌ಗಳ ಮೇಲಿನ ಫೋಲ್ಡರ್ ಯಾವುದು ಅಂತ ತೋರಿಸಿ. ಆಗ ಪೂರ್ತಿ ವಿಳಾಸ ಹೋಗಿ, ಆ ಫೋಲ್ಡರಿನಿಂದ ಮುಂದಿನ ವಿಳಾಸವಷ್ಟೇ ಉಳಿಯುತ್ತದೆ. ಊರು ಬದಲಾದರೂ ಮನೆಯೊಳಗೆ ಪಾತ್ರೆ ಇಟ್ಟ ಜಾಗ ಬದಲಾಗದಿದ್ದ ಹಾಗೆ. ಹೊಸ ಯಂತ್ರಕ್ಕೆ ಆ ಫೋಲ್ಡರನ್ನು ಒಳಜೋಡಣೆ ಕೆಡದಂತೆ ಕಾಪಿ ಮಾಡಿ, ಅಲ್ಲಿಯೂ ಬೇಸ್ ಡೈರೆಕ್ಟರಿ ಎಲ್ಲಿದೆ ಅಂತ ಹೇಳಿ. ಈ ಸೆಟ್ಟಿಂಗ್ ತಾನಾಗಿ ಬರುವುದಿಲ್ಲ, ಮತ್ತೆ ಕೊಡಬೇಕು. ಲಿಂಕ್ ಮಾಡಿದ ಪಿಡಿಎಫ್‌ಗಳು ಒನ್‌ಡ್ರೈವ್ ಒಳಗಿದ್ದರೆ ಇನ್ನೊಂದು ಎಚ್ಚರ. ಫೈಲ್ ಹೆಸರು ಕಾಣುತ್ತಿದ್ದರೂ ಅದು ನಿಜವಾಗಿ ನಿಮ್ಮ ಡಿಸ್ಕಿಗೆ ಇಳಿದಿರದೇ ಇರಬಹುದು. ಮೊದಲು ಇಡೀ ಫೋಲ್ಡರನ್ನು ಯಂತ್ರದಲ್ಲೇ ಉಳಿಯುವಂತೆ ಮಾಡಿ, ಆಮೇಲೆ ಕಾಪಿ ಮಾಡಿ.

ಇನ್ನು ಸಾಗಿಸುವ ಕೆಲಸ. ಹಳೆಯ ಯಂತ್ರದಲ್ಲಿ ಜೊಟೆರೊ ಪೂರ್ತಿ ಮುಚ್ಚಿ, ವರ್ಡನ್ನೂ ಮುಚ್ಚಿ. ತೆರೆದಿರುವಾಗ ಕಾಪಿ ಮಾಡಿದರೆ ಅರೆಬರೆ ಬರೆದ ಡೇಟಾಬೇಸ್ ಕೈಗೆ ಬರಬಹುದು. ಆಮೇಲೆ ಜೊಟೆರೊ ಫೋಲ್ಡರನ್ನು ಇಡಿಯಾಗಿ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ. ಜಿಪ್ ಮಾಡುವುದಾದರೆ ಒಂದು ವಿಷಯ ಗಮನಿಸಿ: ಹಳೆಯ ಪೆನ್ ಡ್ರೈವ್‌ಗಳು ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಸುಮ್ನೆ ಫೋಲ್ಡರ್ ಆಗಿಯೇ ಕಾಪಿ ಮಾಡುವುದು ವಾಸಿ. ಕಾಪಿ ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ, ಫೋಲ್ಡರ್‌ಗಳ ಸಂಖ್ಯೆ ಸಮ ಇದೆಯಾ ನೋಡಿ. ಎರಡು ನಿಮಿಷದ ಕೆಲಸ, ಬಿಡಬೇಡಿ.

ಹೊಸ ಲ್ಯಾಪ್‌ಟಾಪಿನಲ್ಲಿ ಜೊಟೆರೊ ಆವೃತ್ತಿ ಹಳೆಯದರಷ್ಟೇ ಹೊಸತಾಗಿರಲಿ, ಅಥವಾ ಅದಕ್ಕಿಂತ ಹೊಸತಾಗಿರಲಿ. ಹೊಸ ಆವೃತ್ತಿ ಒಮ್ಮೆ ಡೇಟಾಬೇಸನ್ನು ಮೇಲ್ದರ್ಜೆಗೆ ಏರಿಸಿದರೆ ಹಳೆಯ ಆವೃತ್ತಿ ಅದನ್ನು ತೆರೆಯದೇ ಇರಬಹುದು. ಅಲ್ಲಿ ಈಗಿರುವ, ಇಂಪೋರ್ಟ್‌ನಿಂದ ಆದ ಲೈಬ್ರರಿ ಬೇಡ ಅಲ್ವಾ? ಜೊಟೆರೊ ಮುಚ್ಚಿ, ಆ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಡಿ, ಅಳಿಸಬೇಡಿ. ಅದರ ಜಾಗದಲ್ಲಿ ಹಾರ್ಡ್ ಡಿಸ್ಕಿನಿಂದ ತಂದ ಫೋಲ್ಡರ್ ಇಟ್ಟು ಜೊಟೆರೊ ತೆರೆಯಿರಿ. ಎಲ್ಲ ಹಳೆಯ ಹಾಗೇ ಕಾಣಬೇಕು. ನೀವು ಹಾಕಿಕೊಂಡಿದ್ದ ಪ್ಲಗಿನ್‌ಗಳು ಮಾತ್ರ ಬೇರೆ ಕಡೆ ಇರುತ್ತವೆ, ಅವನ್ನು ಹೊಸದಾಗಿ ಹಾಕಿಕೊಳ್ಳಿ. ವರ್ಡ್‌ನಲ್ಲಿ ಜೊಟೆರೊ ಟ್ಯಾಬ್ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಸೈಟ್ (Cite, ಅಂದರೆ ಉಲ್ಲೇಖ) ಭಾಗದಲ್ಲಿ ಮತ್ತೆ ಇನ್‌ಸ್ಟಾಲ್ ಮಾಡುವ ಬಟನ್ ಇದೆ.

ಸಿಂಕ್ ಬಗ್ಗೆ, ಅಂದರೆ ಜೊಟೆರೊ ಖಾತೆಯ ಮೂಲಕ ಎಲ್ಲ ಯಂತ್ರಗಳಲ್ಲೂ ಲೈಬ್ರರಿ ಒಂದೇ ಥರ ಇರುವಂತೆ ನೋಡಿಕೊಳ್ಳುವ ಬಗ್ಗೆಯೂ ಕೇಳಿದ್ದೀರಿ. ಎಂಟ್ರಿ, ಟಿಪ್ಪಣಿ, ಗುರುತುಗಳ ಸಿಂಕ್ ಉಚಿತ, ಮಿತಿ ಇಲ್ಲ. ಪಿಡಿಎಫ್‌ಗಳಿಗೆ ಮಾತ್ರ ಉಚಿತವಾಗಿ ಸಿಗುವುದು 300 ಎಂಬಿ. ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳಿದ್ದರೆ ಐದಾರು ಪುಸ್ತಕಕ್ಕೇ ಅದು ತುಂಬಿಹೋಗುತ್ತದೆ. ದುಡ್ಡು ಕೊಡದೆ ಜಾಗ ಬೇಕಾದರೆ ವೆಬ್‌ಡ್ಯಾವ್ (ಇಂಟರ್‌ನೆಟ್ ಮೂಲಕ ಬೇರೆ ಸರ್ವರಿನಲ್ಲಿ ಫೈಲ್ ಇಡುವ ಒಂದು ವಿಧಾನ) ಸೌಲಭ್ಯ ಇರುವ ಬೇರೆ ಯಾವುದಾದರೂ ಖಾತೆಯನ್ನು ಜೋಡಿಸಬಹುದು. ಅದು ನಿಮ್ಮ ಸ್ವಂತ ಲೈಬ್ರರಿಗೆ ಮಾತ್ರ, ಗುಂಪಿನ ಲೈಬ್ರರಿಗೆ ಆಗುವುದಿಲ್ಲ. ಒಂದು ಮಾತು: ಸಿಂಕ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ಒಂದು ಕಡೆ ತಪ್ಪಿ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಇಂಪೋರ್ಟ್ ಆದ ಲೈಬ್ರರಿ ಇದ್ದಾಗಲೇ ಖಾತೆಗೆ ಲಾಗಿನ್ ಆಗಿದ್ದಿರಾ? ಆಗಿದ್ದರೆ ಪ್ರತಿ ಎಂಟ್ರಿಯೂ ಎರಡೆರಡು ಆಗಿರಬಹುದು. ಹಾಗಿದ್ದರೆ ಹಳೆಯ ಯಂತ್ರವನ್ನು ಇಂಟರ್‌ನೆಟ್ಟಿಗೆ ಸೇರಿಸದೆಯೇ ಮೇಲಿನ ಕಾಪಿ ಮಾಡಿಕೊಳ್ಳಿ. ಹೊಸದರಲ್ಲಿಯೂ ಫೋಲ್ಡರ್ ಇಟ್ಟು ಮೊದಲ ಸಲ ತೆರೆಯುವ ಮುಂಚೆ ವೈಫೈ ಆರಿಸಿಡಿ. ಆಮೇಲೆ ಇಲ್ಲಿ ತಿಳಿಸಿ, ಮುಂದಿನ ಹೆಜ್ಜೆ ಹೇಳುತ್ತೇನೆ.

ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಫೋಲ್ಡರಿನೊಳಗೆ ಈ ಜೊಟೆರೊ ಫೋಲ್ಡರನ್ನೇ ಇಟ್ಟು ಎರಡೂ ಯಂತ್ರದಿಂದ ಬಳಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಡೇಟಾಬೇಸ್ ಕೆಟ್ಟುಹೋಗುತ್ತದೆ. ಜೊಟೆರೊದವರೇ ಹಾಗೆ ಮಾಡಬೇಡಿ ಅಂತ ಹೇಳುತ್ತಾರೆ.

ವಿಂಡೋಸ್ ಬಿಟ್ಟು ಉಬುಂಟುಗೆ (ಲಿನಕ್ಸ್‌ನ ಒಂದು ಬಗೆ) ಹೋಗುವ ಯೋಚನೆ ಇದೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಇದೇ ಫೋಲ್ಡರ್ ಅಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಉದ್ದುದ್ದ ಕನ್ನಡ ಹೆಸರಿನ ಫೈಲ್‌ಗಳ ಕಡೆ ಗಮನ ಇರಲಿ. ಲಿನಕ್ಸ್‌ನಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಕ್ಷ ಅನ್ನುವ ಒಂದೇ ಅಕ್ಷರದಲ್ಲಿ ಮೂರು ಚಿಹ್ನೆ, ಅಂದರೆ 9 ಬೈಟ್. ಹೀಗಾಗಿ ವಿಂಡೋಸ್‌ನಲ್ಲಿ ಏನೂ ತಕರಾರಿಲ್ಲದ ಹೆಸರು ಲಿನಕ್ಸ್‌ನಲ್ಲಿ ಉದ್ದವಾಯಿತು ಅಂತ ಕಾಪಿಯೇ ಆಗದೆ ನಿಲ್ಲಬಹುದು. ಅಂಥ ಫೈಲ್‌ಗಳ ಹೆಸರನ್ನು ಹಳೆಯ ಯಂತ್ರದಲ್ಲೇ, ಜೊಟೆರೊ ಒಳಗಿನಿಂದಲೇ ಚಿಕ್ಕದು ಮಾಡಿ. ಹೊರಗಿನಿಂದ ಬದಲಾಯಿಸಿದರೆ ಕೊಂಡಿ ತಪ್ಪುತ್ತದೆ.

ಎಲ್ಲ ಮುಗಿದ ಮೇಲೆ ಮೂರು ಪರೀಕ್ಷೆ ಮಾಡಿ. ಮೊದಲು ಹೊಸದರಲ್ಲಿ ಎಂಟ್ರಿಗಳ ಸಂಖ್ಯೆ ಹಳೆಯದಕ್ಕೆ ಸರಿಹೊಂದುತ್ತದೆಯಾ ನೋಡಿ. ಆಮೇಲೆ ನೀವು ತುಂಬ ಗುರುತು ಹಾಕಿದ್ದ ಒಂದು ಪಿಡಿಎಫ್, ಮೊದಲು ತೆರೆಯದೆ ತೊಂದರೆ ಕೊಟ್ಟ ನಾಲ್ಕೈದು ಪಿಡಿಎಫ್ ತೆರೆಯಿರಿ. ಕೊನೆಗೆ ಥೀಸಿಸ್‌ನ ಒಂದು ಅಧ್ಯಾಯದ ನಕಲು ಪ್ರತಿ ಮಾಡಿಕೊಂಡು, ವರ್ಡ್‌ನಲ್ಲಿ ಒಂದು ಉಲ್ಲೇಖದ ಮೇಲೆ ಕ್ಲಿಕ್ ಮಾಡಿ ಎಡಿಟ್ ತೆರೆಯಿರಿ. ಅಲ್ಲಿಂದ ನಿಮ್ಮ ಲೈಬ್ರರಿಯ ಅದೇ ಎಂಟ್ರಿಗೆ ಹೋಗಲು ಸಾಧ್ಯವಾದರೆ ಕೊಂಡಿ ಉಳಿದಿದೆ. ಗೈಡ್‌ಗೆ ಕಳಿಸಬೇಕಾದ ಮೂಲ ಕಡತವನ್ನು ಅಲ್ಲಿಯವರೆಗೆ ಮುಟ್ಟಬೇಡಿ. ಇಷ್ಟಾದ ಮೇಲೆ ಹೊಸದರಲ್ಲೇ ಒಂದೆರಡು ವಾರ ಕೆಲಸ ಮಾಡಿ, ಆ ಹಾರ್ಡ್ ಡಿಸ್ಕಿನ ಪ್ರತಿಯನ್ನು ಹಾಗೇ ಎತ್ತಿಟ್ಟು, ಹಳೆಯ ಲ್ಯಾಪ್‌ಟಾಪ್ ತಮ್ಮನ ಕೈಗೆ ಕೊಡಿ.