ಬೆಲೆ ಏರುತ್ತೆ ಅಂತ ಗೊತ್ತಿದ್ದೂ ಬೆಳೆಗಾರರಿಗೆ ಹೇಳದೆ ಖರೀದಿ ಮಾಡುವುದು ತಪ್ಪಾ?

ನೀವು ಊರಲ್ಲಿ ಹೊಸದಾಗಿ ಕಾಫಿ, ಮೆಣಸು ಖರೀದಿ ಶುರು ಮಾಡಿದ್ದೀರಿ. ದಿನಾ ಹೊರಗಿನ ಮಾರುಕಟ್ಟೆ ನೋಡುತ್ತೀರಿ. ಬೆಲೆ ಏರುವ ಸುದ್ದಿ ನಿಮಗೆ ಗೊತ್ತು, ಮಾರುವವರಿಗೆ ಗೊತ್ತಿಲ್ಲ. ಸುಮ್ಮನಿದ್ದು ತಗೊಂಡರೆ ಮೋಸವಾ ಅಂತ ಕೇಳಿದ್ದೀರಿ. ನಾನು ಮೂಡಿಗೆರೆ ಕಡೆ 15 ವರ್ಷದಿಂದ ಕಾಫಿ ಖರೀದಿ ಮಾಡುತ್ತಿದ್ದೇನೆ. ಈ ಪ್ರಶ್ನೆ ನನ್ನನ್ನೂ ಕಾಡಿದೆ.

2021ರ ಜುಲೈ 20ರಂದು ಬ್ರೆಜಿಲ್‌ನಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟುಹೋದವು. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಬೆಲೆ ಜಿಗಿಯಿತು. ವಾರದೊಳಗೆ ಪೌಂಡಿಗೆ 2 ಡಾಲರ್ ದಾಟಿತು. ಸುದ್ದಿ ಬಂದ ಬೆಳಗ್ಗೆ ನಾನು ಒಬ್ಬರು ಗೌಡ್ರ ಮನೆಯಲ್ಲಿದ್ದೆ. ಜೋರು ಮಳೆ. ಅವರ ಹತ್ತಿರ 40 ಚೀಲ ಅರೇಬಿಕಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಉಳಿದಿತ್ತು. ಹಿಂದಿನ ದಿನದ ರೇಟಿಗೇ ಮಾತಾಯಿತು. ಚೀಲಗಳ ಮೇಲೆ ಟಾರ್ಪಾಲ್ ಎಳೆದು ಜೀಪಿಗೆ ಹಾಕಿಸುತ್ತಿದ್ದಾಗ ಅವರು ಕಾಫಿ ಲೋಟ ಕೈಗೆ ಕೊಟ್ಟು ಕೇಳಿದರು, "ಏನಪ್ಪಾ, ರೇಟ್ ಏರೋ ಸುದ್ದಿ ಏನಾದ್ರೂ ಇದ್ಯಾ?"

"ಇವತ್ತಿಗೆ ಇದೇ ರೇಟು ಗೌಡ್ರೇ" ಅಂದೆ. ಊರಿನ ರೇಟು ಆ ಬೆಳಗ್ಗೆ ಇನ್ನೂ ಬದಲಾಗಿರಲಿಲ್ಲ, ಹಾಗಾಗಿ ಮಾತು ಸುಳ್ಳಲ್ಲ. ಆದರೆ ಕಾಫಿ ಕುಡಿದು ಮುಗಿಸುವವರೆಗೂ ಅವರ ಮುಖ ನೋಡೋಕೆ ನನ್ನಿಂದ ಆಗಲಿಲ್ಲ.

ಆಮೇಲೆ ವಕೀಲ ಸ್ನೇಹಿತರೊಬ್ಬರ ಹತ್ತಿರ ಇದನ್ನು ಹೇಳಿಕೊಂಡೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಂ ತೆಗೆದು ತೋರಿಸಿದರು. ಇಬ್ಬರು ವ್ಯಾಪಾರಿಗಳಲ್ಲಿ ಒಬ್ಬನಿಗೆ ಬೆಲೆ ಬದಲಾಗುವ ವಿಷಯ ಖಾಸಗಿಯಾಗಿ ಗೊತ್ತಿದ್ದರೆ, ಅದನ್ನು ಇನ್ನೊಬ್ಬನಿಗೆ ಹೇಳಲೇಬೇಕು ಅಂತಿಲ್ಲ. ಉದಾಹರಣೆ ಸಮೇತ ಅಲ್ಲೇ ಬರೆದಿದೆ. ಅದಕ್ಕಿಂತ ಮೊದಲಿನ ಉದಾಹರಣೆ ಮಾತ್ರ ಬೇರೆ ಥರ. ಕುದುರೆ ಕೊಳ್ಳುವವನು, "ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂದುಕೊಳ್ಳುತ್ತೇನೆ" ಅನ್ನುತ್ತಾನೆ. ಮಾರುವವನು ಬಾಯಿ ಬಿಡುವುದಿಲ್ಲ. ಅಲ್ಲಿ ಸುಮ್ಮನಿದ್ದದ್ದೇ ಮಾತಾಡಿದಂತೆ.

ಅಮೆರಿಕದಲ್ಲಿ ಹೆಚ್ಚುಕಮ್ಮಿ ನನ್ನದೇ ಕಥೆ 200 ವರ್ಷದ ಹಿಂದೆ ನಡೆದಿದೆ. 1815ರಲ್ಲಿ ನ್ಯೂ ಆರ್ಲಿಯನ್ಸ್‌ನ ಆರ್ಗನ್ ಎಂಬ ವ್ಯಾಪಾರಿಗೆ ಬ್ರಿಟನ್ ಜೊತೆಗಿನ ಯುದ್ಧ ಮುಗಿದ ಸುದ್ದಿ ಎಲ್ಲರಿಗಿಂತ ಮೊದಲು ಸಿಕ್ಕಿತು. ಬೆಳ್ಳಂಬೆಳಗ್ಗೆ ಹೋಗಿ ತಂಬಾಕು ಕೊಂಡ. ಬೆಲೆ ಏರಿಸುವಂಥ ಸುದ್ದಿ ಏನಾದರೂ ಇದೆಯಾ ಅಂತ ಮಾರುವ ಕಡೆಯವರು ಕೇಳಿದ್ದರು. ಸುದ್ದಿ ಹರಡಿದ ಮೇಲೆ ತಂಬಾಕಿನ ಬೆಲೆ 30ರಿಂದ 50 ಪ್ರತಿಶತ ಏರಿತು. 1817ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕೊಂಡವನು ತನಗೆ ಗೊತ್ತಿದ್ದದ್ದನ್ನು ಹೇಳಲೇಬೇಕಾಗಿರಲಿಲ್ಲ, ಆದರೆ ಎದುರಿನವರನ್ನು ದಾರಿ ತಪ್ಪಿಸುವ ಮಾತಾಗಲೀ ನಡತೆಯಾಗಲೀ ಕೂಡದು ಅಂದಿತು. ಕೇಸು ಮತ್ತೆ ವಿಚಾರಣೆಗೆ ವಾಪಸ್ ಹೋಯಿತು.

ನನ್ನ ಲೆಕ್ಕದಲ್ಲಿ, ರಾತ್ರಿ ಕೂತು ನ್ಯೂಯಾರ್ಕ್, ಲಂಡನ್ ರೇಟು ನೋಡಿ ತಿಳಿದುಕೊಂಡದ್ದು ನಿಮ್ಮ ದುಡಿಮೆ. ಅದರ ಲಾಭ ತಗೊಳ್ಳಿ. ನಾಳೆ ಬೆಲೆ ಬಿದ್ದರೆ ನಷ್ಟವೂ ನಿಮ್ಮದೇ ಅಲ್ವಾ? ಆದರೆ ಅವರು ನಂಬಿ ಕೇಳಿದರೆ, ಗೊತ್ತಿದ್ದದ್ದನ್ನು ಹೇಳಿ. ಹೇಳಲು ಇಷ್ಟವಿಲ್ಲದಿದ್ದರೆ "ಅದು ನಾನು ಹೇಳಲ್ಲ, ನಾಲ್ಕು ಕಡೆ ವಿಚಾರಿಸಿ" ಅನ್ನಿ. ನನ್ನ ಹಾಗೆ ಜಾಣತನದ ಉತ್ತರ ಕೊಡಬೇಡಿ.

ಓಟಿ ವಿಷಯದಲ್ಲಂತೂ ಎರಡು ಮಾತೇ ಇಲ್ಲ. 50 ಕೆಜಿ ಚೆರ್ರಿ ಚೀಲದಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತೆ ಅನ್ನುವುದೇ ಓಟಿ, ಅಂದರೆ ಔಟ್‌ಟರ್ನ್, ದುಡ್ಡು ನಿಂತಿರುವುದೇ ಅದರ ಮೇಲೆ. ಚೀಲದಿಂದ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗುವವರು ನಾವು. 28 ಬಂದದ್ದನ್ನು 26 ಅಂದರೆ ಚೀಲಕ್ಕೆ 2 ಕೆಜಿ ಬೀಜ, 40 ಚೀಲಕ್ಕೆ 80 ಕೆಜಿ ಬೀಜ ಪುಕ್ಕಟೆ ಹೊತ್ತೊಯ್ದ ಹಾಗೆ. ಬ್ರೆಜಿಲ್ ಸುದ್ದಿ ಯಾರು ಹುಡುಕಿದರೂ ಸಿಗುತ್ತಿತ್ತು. ಚೀಲದೊಳಗಿನ ಬೀಜ ಮಾತ್ರ ಬೆಳೆದವರದ್ದು, ಅದರ ಲೆಕ್ಕವೂ ಅವರದ್ದೇ. ಈಗ ನಾನು ತಕ್ಕಡಿಯನ್ನು ಅವರ ಕಡೆಗೇ ತಿರುಗಿಸಿ ಇಡುತ್ತೇನೆ. ತೇವಾಂಶದ ಮೀಟರನ್ನೂ ಅವರ ಕೈಗೇ ಕೊಡುತ್ತೇನೆ.

ಆ ಗೌಡ್ರು ಈಗಲೂ ನನಗೇ ಕಾಫಿ ಕೊಡುತ್ತಾರೆ. ಆ ವರ್ಷದ ವಿಷಯ ಒಮ್ಮೆಯೂ ಎತ್ತಿಲ್ಲ. ಆದರೆ ರೇಟ್ ಏರುತ್ತಾ ಅಂತ ಆಮೇಲೆ ನನ್ನನ್ನು ಕೇಳಿಯೇ ಇಲ್ಲ. ಬೆಂಗಳೂರಲ್ಲಿರುವ ಮಗನಿಗೆ ಫೋನ್ ಮಾಡಿ ಕೇಳಿಕೊಂಡು ಬಂದು ಮಾತಿಗೆ ಕೂರುತ್ತಾರೆ.