ಆಲ್‌ಸ್ಟಾರ್ ಕಾರ್ಡುಗಳಲ್ಲಿ ಆಶ್‌ಬರ್ನ್ ಏಕಿಲ್ಲ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಸಂಗ್ರಹಿಸುತ್ತಾನೆ. ಟಾಪ್ಸ್ ಕಂಪನಿಯ 1959ರ ಆಲ್‌ಸ್ಟಾರ್ (ಶ್ರೇಷ್ಠ ಆಟಗಾರರ) ಕಾರ್ಡುಗಳೆಲ್ಲ ಅವನ ಬಳಿ ಇವೆ. ಹಿಂದಿನ ವರ್ಷ ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗಿನಲ್ಲಿ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗರಾಗಿದ್ದ ರಿಚಿ ಆಶ್‌ಬರ್ನ್ ಅವುಗಳಲ್ಲಿಲ್ಲ. ಇದು ಕಣ್ತಪ್ಪೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಣ್ತಪ್ಪೆನ್ನುವುದಕ್ಕಿಂತ, ಸ್ಥಾನಗಳ ಲೆಕ್ಕದಲ್ಲಿ ಆಶ್‌ಬರ್ನ್ ಹೊರಗುಳಿದರು ಎನ್ನುವುದು ಸರಿ. ಆ ವರ್ಷದ 572 ಕಾರ್ಡುಗಳಲ್ಲಿ ಆಲ್‌ಸ್ಟಾರ್ ಆಟಗಾರರಿಗೆ ಮೀಸಲಾದದ್ದು 551ರಿಂದ 572ರವರೆಗಿನ 22 ಮಾತ್ರ. ಅದರಲ್ಲಿ ಎರಡು ಮ್ಯಾನೇಜರ್‌ಗಳಿಗೆ ಹೋದವು. ಉಳಿದ ಇಪ್ಪತ್ತರಲ್ಲಿ ಪ್ರತಿ ಲೀಗಿಗೆ ಇಬ್ಬರು ಪಿಚರ್‌ಗಳು (ಚೆಂಡೆಸೆಯುವವರು) ಮತ್ತು ಮೈದಾನದ ಎಂಟು ಸ್ಥಾನಗಳಿಗೆ ಒಬ್ಬೊಬ್ಬರಂತೆ ಎಂಟು ಮಂದಿ. ಆಶ್‌ಬರ್ನ್ ಆಡುತ್ತಿದ್ದದ್ದು ಮಧ್ಯ ಔಟ್‌ಫೀಲ್ಡಿನಲ್ಲಿ (ಮೈದಾನದ ಹೊರಭಾಗದ ನಡುವೆ), ಅದೇ ಸ್ಥಾನದಲ್ಲಿ ವಿಲ್ಲಿ ಮೇಸ್ ಇದ್ದರು. 1958ರ ಋತುವಿನ ಕೊನೆಯ ದಿನದವರೆಗೂ ಸರಾಸರಿಗಾಗಿ (ಬ್ಯಾಟಿಂಗ್ ಸರದಿಗಳಲ್ಲಿ ಹಿಟ್‌ಗಳ, ಅಂದರೆ ಬೇಸ್ ತಲುಪಿಸಿದ ಹೊಡೆತಗಳ, ಪ್ರಮಾಣ) ಪೈಪೋಟಿ ನಡೆಸಿದ ಈ ಇಬ್ಬರಲ್ಲಿ ಆಶ್‌ಬರ್ನ್ 0.350, ಮೇಸ್ 0.347 ಗಳಿಸಿದರು, ಆದರೆ ಮೇಸ್ 29 ಹೋಮ್ ರನ್ (ಎಲ್ಲ ಬೇಸ್ ಸುತ್ತಿ ಬರುವಂಥ ಹೊಡೆತ) ಹೊಡೆದಿದ್ದರೆ ಆಶ್‌ಬರ್ನ್ ಹೊಡೆದದ್ದು ಎರಡೇ.

ಮೇಸ್ ಆಯ್ಕೆಯ ಬಗ್ಗೆ ನನಗೆ ತಕರಾರಿಲ್ಲ. ನನಗೆ ಒಪ್ಪಿಗೆಯಾಗದಿರುವುದು ಎಡ ಔಟ್‌ಫೀಲ್ಡಿನ ಆಯ್ಕೆ. ಅಲ್ಲಿ ಬಂದವರು ಮಿಲ್ವಾಕಿ ತಂಡದ ವೆಸ್ ಕವಿಂಗ್ಟನ್. ಅವರು ಚೆನ್ನಾಗಿ ಆಡಿದ್ದು ನಿಜವಾದರೂ ಆ ವರ್ಷ ಆಡಿದ್ದು 90 ಪಂದ್ಯ ಮಾತ್ರ, ಅಧಿಕೃತ ಆಲ್‌ಸ್ಟಾರ್ ತಂಡಕ್ಕೆ ಅವರು ಎಂದೂ ಆಯ್ಕೆಯಾಗಲಿಲ್ಲ. ಆಶ್‌ಬರ್ನ್ ಆದರೋ 1958ರ ಅಧಿಕೃತ ತಂಡದಲ್ಲಿದ್ದರು. 215 ಹಿಟ್‌ಗಳು, 97 ವಾಕ್‌ಗಳು (ನಾಲ್ಕು ತಪ್ಪು ಎಸೆತಗಳಿಂದ ಸಿಗುವ ಮೊದಲ ಬೇಸ್), 13 ಟ್ರಿಪಲ್‌ಗಳು (ಮೂರನೇ ಬೇಸ್‌ವರೆಗೆ ಒಯ್ಯುವ ಹೊಡೆತ), ಈ ಮೂರರಲ್ಲೂ ಲೀಗಿಗೇ ಮೊದಲಿಗರು. ಅವರ ಫಿಲಡೆಲ್ಫಿಯಾ ತಂಡ ಆ ವರ್ಷ ಕೊನೆಯ ಸ್ಥಾನದಲ್ಲಿತ್ತು, ಮಿಲ್ವಾಕಿ ಮೊದಲ ಸ್ಥಾನದಲ್ಲಿತ್ತು. ಬೇಸ್ ತಲುಪುವುದನ್ನೇ ತನ್ನ ಕಸುಬಾಗಿಸಿಕೊಂಡ ಆಟಗಾರನಿಗೆ ಆ ಕಾಲದಲ್ಲಿ ಸಲ್ಲಬೇಕಾದ ಮನ್ನಣೆ ಸಿಗಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಕೂಡ ಅವರನ್ನು ಸೇರಿಸಿಕೊಂಡದ್ದು 1995ರಲ್ಲಿ.

ಅಮೆರಿಕನ್ ಲೀಗಿನಲ್ಲಿ ನಡೆದದ್ದು ಇನ್ನೂ ಅಚ್ಚರಿಯದು. 1958ರ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದ ಜಾಕಿ ಜೆನ್ಸನ್ ಅವರಿಗೂ ಆಲ್‌ಸ್ಟಾರ್ ಕಾರ್ಡಿಲ್ಲ, ಏಕೆಂದರೆ ಬಲ ಔಟ್‌ಫೀಲ್ಡ್ ಆಲ್ ಕೇಲೈನ್ ಅವರ ಪಾಲಾಯಿತು. ಆ ವರ್ಷದ ಅಧಿಕೃತ ಆಲ್‌ಸ್ಟಾರ್ ಪಂದ್ಯದಲ್ಲಿ ಎಡ ಔಟ್‌ಫೀಲ್ಡಿನಲ್ಲಿ ಆಟ ಆರಂಭಿಸಿದ, 38 ಹೋಮ್ ರನ್ ಹೊಡೆದ ಬಾಬ್ ಸರ್ವ್ ಅವರ ಬದಲು 39 ಹೋಮ್ ರನ್‌ಗಳ ರಾಯ್ ಸೀವರ್ಸ್ ಬಂದರು. ಅದೇ ಲೀಗಿನ ಹೆಸರಾಂತ ಬ್ಯಾಟರ್ ಟೆಡ್ ವಿಲಿಯಮ್ಸ್ ಅವರ ವಿಷಯ ಮಾತ್ರ ಬೇರೆ: ಅವರು ಪ್ರತಿಸ್ಪರ್ಧಿ ಕಂಪನಿಯಾದ ಫ್ಲೀರ್ ಜೊತೆ ಒಪ್ಪಂದ ಮಾಡಿಕೊಂಡಿದ್ದರಿಂದ ಟಾಪ್ಸ್‌ನ ಆ ವರ್ಷದ ಯಾವ ಕಾರ್ಡಿನಲ್ಲೂ ಇಲ್ಲ, ಫ್ಲೀರ್ ಅವರೊಬ್ಬರ ಬದುಕಿನ ಮೇಲೆಯೇ 80 ಕಾರ್ಡುಗಳನ್ನು ತಂದಿತು.

ಆದ್ದರಿಂದ ನಿಮ್ಮ ಮಗನ ಸಂಗ್ರಹದಲ್ಲಿ ಏನೂ ಕಳೆದುಹೋಗಿಲ್ಲ. ಆಶ್‌ಬರ್ನ್ ಬೇಕೆನಿಸಿದರೆ ಅದೇ ವರ್ಷದ ಸಾಮಾನ್ಯ ಸರಣಿಯ 300ನೇ ಕಾರ್ಡನ್ನು, ಜೆನ್ಸನ್ ಬೇಕಾದರೆ 400ನೆಯದನ್ನು ಹುಡುಕಲು ಹೇಳಿ.